ತೆಂಗಿನ ನಾರಿನ ಪುಡಿ: ತೊಳೆದ ಮೇಲೆಯೇ ತರಕಾರಿಗೆ

ತಿಪಟೂರು, ಗುಬ್ಬಿ, ಅರಸೀಕೆರೆ ಸುತ್ತಿನ ನಾರಿನ ಫ್ಯಾಕ್ಟರಿಗಳಲ್ಲಿ ಒಂದು ಕಿಲೊ ನಾರು ತೆಗೆದರೆ ಸುಮಾರು ಎರಡು ಕಿಲೊ ಪುಡಿ ಉಳಿಯುತ್ತದೆ. ಅದೇ ಪುಡಿ ಇಟ್ಟಿಗೆಯಾಗಿ, ‘ಕೋಕೋಪೀಟ್’ ಎಂಬ ಹೆಸರು ಹೊತ್ತು ಪೇಟೆಗೆ ಬಂದರೆ ಕಿಲೊ ಲೆಕ್ಕದಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಹತ್ತಿರದಲ್ಲೇ ಫ್ಯಾಕ್ಟರಿ ಇರುವವರು ಲೋಡ್‌ ಲೆಕ್ಕದಲ್ಲಿ ತರಿಸಿ, ಮನೆಯಲ್ಲೇ ಹದ ಮಾಡಿಕೊಳ್ಳಬಹುದು. ಆದರೆ ತಂದ ದಿನವೇ ಟ್ರೇಗೆ ತುಂಬಿ ಬೀಜ ಹಾಕುವ ಆತುರ ಬೇಡ. ಎಲೆಯಂಚು ಸುಟ್ಟು, ಸಸಿ ಎರಡೆಲೆಗೇ ನಿಂತುಬಿಡುತ್ತದೆ.

ಕಾರಣ ಉಪ್ಪು. ತೆಂಗಿನ ಮಟ್ಟೆಯಲ್ಲಿ ಪೊಟ್ಯಾಷಿಯಂ ಹೆಚ್ಚು, ಜೊತೆಗೆ ಸೋಡಿಯಂ, ಕ್ಲೋರೈಡ್‌. ಹಿನ್ನೀರಿನಲ್ಲಿ ಕೊಳೆಹಾಕಿದ ಮಟ್ಟೆಯಾದರೆ ಸೋಡಿಯಂ ಇನ್ನೂ ಜಾಸ್ತಿ. ಬಯಲುಸೀಮೆಯ ಪುಡಿ ಆ ಮಟ್ಟಿಗೆ ವಾಸಿ, ಆದರೂ ತೊಳೆಯದೆ ಬಳಸುವಂತಿಲ್ಲ.

ಆಯ್ಕೆ, ಜರಡಿ

ಫ್ಯಾಕ್ಟರಿ ಹಿಂದೆ ಒಂದೆರಡು ಮಳೆಗಾಲ ಕಂಡ ರಾಶಿಯಿದ್ದರೆ ಅದನ್ನೇ ಕೇಳಿ. ಹೊಸ ಪುಡಿ ತಿಳಿ ಕಂದು, ಹಳೆಯದು ಕಪ್ಪಿಗೆ ತಿರುಗಿರುತ್ತದೆ. ಮಳೆಗೆ ಅರ್ಧ ಉಪ್ಪು ಆಗಲೇ ಇಳಿದಿರುತ್ತದೆ. ತಂದ ಮೇಲೆ ಜರಡಿ ಹಿಡಿದು ಉದ್ದ ನಾರು ಬೇರ್ಪಡಿಸಿ. ಅದನ್ನು ಎಸೆಯಬೇಡಿ, ಗಿಡದ ಬುಡಕ್ಕೆ ಮುಚ್ಚಿಗೆಯಾಗುತ್ತದೆ.

ತೊಳೆಯುವುದು

ಇಡೀ ಕೆಲಸದಲ್ಲಿ ಸಮಯ ಕೊಡಬೇಕಾದ್ದು ಇಲ್ಲಿ. ತಳದಲ್ಲಿ ತೂತಿರುವ ಡ್ರಮ್ಮಿಗೆ ಶೇಡ್‌ನೆಟ್‌ ಹಾಸಿ, ಪುಡಿ ತುಂಬಿ, ತೂತು ಮುಚ್ಚಿ, ನೀರು ಹಾಕಿ ರಾತ್ರಿಯಿಡೀ ನೆನೆಯಬಿಡಿ. ಬೆಳಿಗ್ಗೆ ಬಿರಡೆ ತೆಗೆದರೆ ಕಾಫಿ ಡಿಕಾಕ್ಷನ್‌ನಂಥ ನೀರು ಇಳಿಯುತ್ತದೆ. ಆ ಬಣ್ಣ ಟ್ಯಾನಿನ್‌ನದು. ಕೆರೆ, ಬಾವಿಯತ್ತ ಅದು ಹರಿಯದಂತೆ ನೋಡಿಕೊಳ್ಳಿ. ಹೀಗೆ ನೆನೆಸಿ ಬಸಿಯುವುದನ್ನು ಕನಿಷ್ಠ ಮೂರು ಸಲ ಮಾಡಿ. ಬಣ್ಣ ತಿಳಿಯಾದ ಮಾತ್ರಕ್ಕೆ ಉಪ್ಪು ಹೋಯಿತೆಂದು ನಂಬುವಂತಿಲ್ಲ. ನಿಮ್ಮ ಬೋರ್‌ವೆಲ್‌ ನೀರೇ ಸವುಳಾಗಿದ್ದರಂತೂ ಎಷ್ಟು ಸಲ ತೊಳೆದರೂ ಅಷ್ಟೆ, ಮಳೆನೀರು ಹಿಡಿದಿಟ್ಟುಕೊಳ್ಳಿ.

ಬರೀ ನೀರಿಗೆ ಜಗ್ಗದ ಪೊಟ್ಯಾಷಿಯಂ, ಸೋಡಿಯಂ ಪುಡಿಯ ಕಣಕ್ಕೆ ಅಂಟಿಕೊಂಡಿರುತ್ತವೆ. ಅವನ್ನು ಎಬ್ಬಿಸಲು ಕ್ಯಾಲ್ಸಿಯಂ ಬೇಕು. ಒಂದು ಕಿಲೊ ಒಣ ಪುಡಿಗೆ 10ರಿಂದ 20 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್‌ ಕರಗಿಸಿದ ನೀರಲ್ಲಿ ಒಂದು ದಿನ ನೆನೆಸಿ, ಬಸಿದು, ಮತ್ತೊಮ್ಮೆ ಸಿಹಿನೀರಲ್ಲಿ ತೊಳೆಯಿರಿ. ಟೊಮೆಟೊ, ದೊಡ್ಡಮೆಣಸಿನಕಾಯಿಗೆ ಈ ಹಂತ ಬಿಡಬೇಡಿ.

ಪರೀಕ್ಷೆ

ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಇ.ಸಿ. (ಉಪ್ಪಿನಂಶದ ಅಳತೆ) ಮತ್ತು ರಸಸಾರ ನೋಡಿಸಿ. ಇ.ಸಿ. 1ಕ್ಕಿಂತ ಕೆಳಗಿರಬೇಕು, ಟ್ರೇ ಸಸಿಗಾದರೆ 0.5ರ ಆಸುಪಾಸು. ರಸಸಾರ 5.5ರಿಂದ 6.5. ಕೇಂದ್ರ ದೂರವಾದರೆ ಎರಡು ಲೋಟ ಸಾಕು: ಒಂದಕ್ಕೆ ಈ ಪುಡಿ, ಇನ್ನೊಂದಕ್ಕೆ ಒಳ್ಳೆಯ ಎರೆಗೊಬ್ಬರ ಬೆರೆಸಿದ ಮಣ್ಣು. ಎರಡಕ್ಕೂ ಹತ್ತತ್ತು ಮೂಲಂಗಿ ಬೀಜ ಹಾಕಿ. ನಾಲ್ಕೈದು ದಿನಕ್ಕೆ ಸಸಿ ಕಿತ್ತು ಬೇರು ನೋಡಿ. ಪುಡಿಯಲ್ಲಿ ಬೆಳೆದ ಬೇರು ಗಿಡ್ಡವಾಗಿ, ತುದಿ ಕಂದಾಗಿದ್ದರೆ ಇನ್ನೊಂದು ಸಲ ತೊಳೆಯಬೇಕು.

ಟ್ರೇಗೆ

98 ಗುಳಿಯ ಟ್ರೇಗೆ ಸುಮಾರು 1.2 ಕಿಲೊ ಪುಡಿ ಹಿಡಿಯುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಗುಳಿಗೊಂದು ಬೀಜ, ಅರ್ಧ ಸೆಂಟಿಮೀಟರ್‌ ಆಳ. ಹತ್ತು ಟ್ರೇ ಒಂದರ ಮೇಲೊಂದು ಪೇರಿಸಿ ಪಾಲಿಥೀನ್‌ ಹೊದೆಸಿ, ಮೊಳಕೆ ಇಣುಕಿದ ಕೂಡಲೇ ಬಿಡಿಸಿ ಹರಡಿ. ಒಂದು ದಿನ ತಡವಾದರೂ ಸಸಿ ಬಳ್ಳಿಯಂತೆ ಉದ್ದವಾಗುತ್ತದೆ. ಪುಡಿಯಲ್ಲಿ ಹೇಳಿಕೊಳ್ಳುವಂಥ ಸಾರವಿಲ್ಲ. ಬಿತ್ತಿದ 12 ಮತ್ತು 20ನೇ ದಿನ ಲೀಟರಿಗೆ 3 ಗ್ರಾಂ 19:19:19 ಕರಗಿಸಿ ಕೊಡಿ. ಇಷ್ಟೆಲ್ಲ ತೊಳೆಯುವ ಪುರುಸೊತ್ತಿಲ್ಲದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸೂಕ್ಷ್ಮಜೀವಿಗಳಿಂದ ಹುದುಗಿಸಿದ ‘ಅರ್ಕಾ ಫರ್ಮೆಂಟೆಡ್‌ ಕೋಕೋಪೀಟ್‌’ ರೂಪಿಸಿದೆ.

ಚೀಲ, ಕುಂಡಕ್ಕೆ

ತಿಂಗಳುಗಟ್ಟಲೆ ನಿಲ್ಲುವ ಬೆಳೆಗೆ ಹಸಿ ಪುಡಿಗಿಂತ ಕಳಿತ ಪುಡಿ ಒಳ್ಳೆಯದು. ಹಸಿ ಪುಡಿಯಲ್ಲಿ ಸಾರಜನಕದ ನೂರು ಪಾಲಿಗೂ ಮೀರಿ ಇಂಗಾಲವಿರುವುದರಿಂದ ಗಿಡಕ್ಕೆ ಹಾಕಿದ ಗೊಬ್ಬರವನ್ನು ಸೂಕ್ಷ್ಮಜೀವಿಗಳೇ ಕಸಿಯುತ್ತವೆ. ಒಂದು ಟನ್‌ ಪುಡಿ ಕಳಿಯಲು 5 ಕಿಲೊ ಯೂರಿಯಾ, ಒಂದೂವರೆ ಕಿಲೊ ಚಿಪ್ಪಣಬೆ ಬೀಜ ಬೇಕು. ನೆರಳಲ್ಲಿ 100 ಕಿಲೊ ಪುಡಿಯ ಪದರ ಹರಡಿ ಅಣಬೆ ಬೀಜ, ಮುಂದಿನ ಪದರಕ್ಕೆ ಯೂರಿಯಾ, ಹೀಗೇ ಹತ್ತು ಪದರ. ತೇವ ಆರಗೊಡದಿದ್ದರೆ ಒಂದೆರಡು ತಿಂಗಳಲ್ಲಿ ಕಪ್ಪಗೆ ಕಳಿಯುತ್ತದೆ.

ಎರಡು ಪಾಲು ಪುಡಿ, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕರಿಯಾಗುವಷ್ಟೇ ಸುಟ್ಟ ಭತ್ತದ ಹೊಟ್ಟು, ಮೇಲೊಂದು ಹಿಡಿ ಬೇವಿನ ಹಿಂಡಿ: ಬದನೆ, ಮೆಣಸಿನಕಾಯಿ, ಸೌತೆ ಯಾವುದಕ್ಕೂ ಒಗ್ಗುವ ಮಿಶ್ರಣ. ಅಕ್ಕಿ ಗಿರಣಿಯ ಬಿಳಿ ಬೂದಿ ಮಾತ್ರ ಬೇಡ, ಅದರಿಂದ ರಸಸಾರ ಏರುತ್ತದೆ.

ನೀರು ಹಾಕುವಾಗ ಮೇಲ್ಮೈ ನಂಬಬೇಡಿ. ಮೇಲೆ ಒಣಗಿ ಬೆಳ್ಳಗಾದರೂ ಎರಡು ಗೆಣ್ಣು ಬೆರಳಿಳಿಸಿದರೆ ಒಳಗೆ ಒದ್ದೆ ಸಿಗುತ್ತದೆ. ಹೆಚ್ಚಿನವರ ಗಿಡ ಕೊಳೆಯುವುದು ಇಲ್ಲೇ.

ಬೆಳೆ ಮುಗಿದ ಮೇಲೆ ಬೇರು ಆರಿಸಿ, ತೊಳೆದು, ಒದ್ದೆಯಿದ್ದಾಗಲೇ ಪಾರದರ್ಶಕ ಪಾಲಿಥೀನ್‌ ಹೊದೆಸಿ ಕಡುಬೇಸಿಗೆಯ ಬಿಸಿಲಿಗೆ ನಾಲ್ಕಾರು ವಾರ ಬಿಟ್ಟರೆ ಮತ್ತೊಂದು ಬೆಳೆಗೆ ಬರುತ್ತದೆ. ಸೊರಗು ರೋಗ ಕಂಡ ಚೀಲದ್ದನ್ನು ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಯಾವುದಕ್ಕೂ ಮರಳಿ ಹಾಕಬೇಡಿ. ತರಕಾರಿ ಮಡಿಯಿಂದ ದೂರವಿರುವ ಮಾವು, ಸಪೋಟದ ಪಾತಿಗೆ ಸುರಿದುಬಿಡಿ.