ಹೊಸ್ತಿಲ ಮೇಲಣ ದೀಪ: ಚದುರಂಗದ ಒಂದು ಸಮಸ್ಯೆ

ಸಂಸ್ಕೃತ ಶಾಸ್ತ್ರಗ್ರಂಥಗಳಲ್ಲಿ ದೇಹಲೀದೀಪನ್ಯಾಯವೆಂಬುದೊಂದುಂಟು. ದೇಹಲಿಯೆಂದರೆ ಹೊಸ್ತಿಲು. ಹೊಸ್ತಿಲ ಮೇಲಿಟ್ಟ ಒಂದೇ ಹಣತೆಯು ಒಳಮನೆಯನ್ನೂ ಹೊರಜಗಲಿಯನ್ನೂ ಏಕಕಾಲಕ್ಕೆ ಬೆಳಗುವಂತೆ, ವಾಕ್ಯದ ನಡುವಣ ಒಂದು ಪದವು ಹಿಂದಕ್ಕೂ ಮುಂದಕ್ಕೂ ಅನ್ವಯಿಸುವುದನ್ನು ಈ ನ್ಯಾಯದಿಂದ ವಿವರಿಸುವರು. ಇದಕ್ಕೆ ವ್ಯಾಕರಣದಾಚೆಗೆ ನಿದರ್ಶನ ಬೇಕಾದರೆ, 1921ರಲ್ಲಿ ರಿಚರ್ಡ್ ರೇಟಿ ರಚಿಸಿದ ಚದುರಂಗದ ಸಮಸ್ಯೆಯನ್ನು ನೋಡಬೇಕು.

ರೇಟಿಯು ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಸ್ಲೊವಾಕಿಯಾದಲ್ಲಿರುವ ಪೆಜಿನೋಕ್ ಎಂಬ ಊರಿನಲ್ಲಿ 1889ರಲ್ಲಿ ಜನಿಸಿದನು. ಎಂಟು ವರ್ಷ ಸೋಲನ್ನೇ ಕಾಣದಿದ್ದ ವಿಶ್ವವಿಜೇತ ಕಾಪಾಬ್ಲಾಂಕನನ್ನು 1924ರಲ್ಲಿ ನ್ಯೂಯಾರ್ಕಿನಲ್ಲಿ ಸೋಲಿಸಿದ ಕೀರ್ತಿ ಇವನದು. 1929ರಲ್ಲಿ, ನಾಲ್ವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಆದರೆ ಅವನ ಹೆಸರನ್ನು ಇಂದಿಗೂ ಉಳಿಸಿರುವುದು ನಾಲ್ಕೇ ಕಾಯಿಗಳ ಈ ಪುಟ್ಟ ರಚನೆ.

ವಾಚಕರು ಮಣೆಯನ್ನು ಮುಂದಿಟ್ಟುಕೊಂಡು ಓದುವುದು ಒಳಿತು. ಮಣೆಯ ಕಂಬಸಾಲುಗಳಿಗೆ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದೂ, ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೂ ಹೆಸರು. ಬಿಳಿಯ ರಾಜ ಎಚ್ 8ರಲ್ಲಿ, ಬಿಳಿಯ ಪದಾತಿ ಸಿ 6ರಲ್ಲಿ. ಕಪ್ಪು ರಾಜ ಎ 6ರಲ್ಲಿ, ಕಪ್ಪು ಪದಾತಿ ಎಚ್ 5ರಲ್ಲಿ. ನಡೆ ಬಿಳಿಯದು, ಆಟವನ್ನು ಸಮಗೊಳಿಸಬೇಕು.

ನೋಡಿದೊಡನೆ ಇದು ಹಾಸ್ಯಾಸ್ಪದವೆನಿಸುತ್ತದೆ. ಕಪ್ಪು ಪದಾತಿಯು ನಾಲ್ಕು ನಡೆಗಳಲ್ಲಿ ಕೊನೆಯ ಮನೆ ಸೇರಿ ಮಂತ್ರಿಯಾಗುವುದು. ಬಿಳಿಯ ರಾಜ ನೇರವಾಗಿ ಬೆನ್ನಟ್ಟಿದರೆ ನಾಲ್ಕನೆಯ ನಡೆಗೆ ಎಚ್ 4ರಲ್ಲಿರುವನಷ್ಟೆ. ಅಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಅತ್ತ ತನ್ನ ಪದಾತಿಯನ್ನು ಕಾಯಹೋದರೆ, ಎರಡೇ ನಡೆಗಳಲ್ಲಿ ಕಪ್ಪು ರಾಜ ಅದನ್ನು ಕಬಳಿಸುವನು. ಎರಡು ಕಾರ್ಯಗಳು, ಎರಡೂ ಬೇರೆಬೇರೆಯಾಗಿ ಅಸಾಧ್ಯ.

ರೇಟಿಯ ಉತ್ತರವೆಂದರೆ, ಎರಡನ್ನೂ ಬೇರ್ಪಡಿಸದಿರುವುದು. ಬಿಳಿಯ ರಾಜ ಓರೆಯಾಗಿ ಜಿ 7ಕ್ಕೆ ನಡೆಯುತ್ತಾನೆ. ಕಪ್ಪು ಪದಾತಿ ಎಚ್ 4ಕ್ಕೆ. ರಾಜ ಎಫ್ 6ಕ್ಕೆ. ಈಗ ಪದಾತಿ ಎಚ್ 3ಕ್ಕೆ ಓಡಿದರೆ, ರಾಜ ಇ 7ಕ್ಕೆ ಸರಿದು ತನ್ನ ಪದಾತಿಗೆ ಆಸರೆಯಾಗುವನು. ಎರಡು ಪಕ್ಷಗಳಿಗೂ ಮಂತ್ರಿ ದೊರೆತು ಆಟ ಸಮವಾಗುವುದು. ಇದನ್ನರಿತ ಕಪ್ಪು ರಾಜ ಬಿ 6ಕ್ಕೆ ಬಂದು ಬಿಳಿಯ ಪದಾತಿಯನ್ನು ಹಿಡಿಯಹೊರಟರೆ, ಬಿಳಿಯ ರಾಜ ಇ 5ಕ್ಕೆ ಇಳಿಯುತ್ತಾನೆ. ಇದೇ ಹೊಸ್ತಿಲು. ಕಪ್ಪು ರಾಜ ಸಿ 6ರ ಪದಾತಿಯನ್ನು ಕೊಂದರೆ, ಬಿಳಿಯ ರಾಜ ಎಫ್ 4, ಜಿ 3ರ ಮಾರ್ಗವಾಗಿ ಕಪ್ಪು ಪದಾತಿಯನ್ನು ಎಚ್ 2ರಲ್ಲಿ ಹಿಡಿಯುವನು. ಕೊಲ್ಲದೆ ಪದಾತಿಯನ್ನು ಎಚ್ 3ಕ್ಕೆ ಓಡಿಸಿದರೆ, ಬಿಳಿಯ ರಾಜ ಡಿ 6ಕ್ಕೆ ಸೇರಿ ತನ್ನ ಪದಾತಿಯನ್ನು ಮುನ್ನಡೆಸುವನು. ಮತ್ತೆ ಎರಡು ಕಡೆಗೂ ಮಂತ್ರಿ, ಮತ್ತೆ ಸಮ.

ಇದರ ರಹಸ್ಯವು ಮಣೆಯ ಗಣಿತದಲ್ಲಿದೆ. ಎಚ್ 8ರಿಂದ ಎಚ್ 2ಕ್ಕೆ ನೇರವಾಗಿ ನಡೆದರೆ ಆರು ಹೆಜ್ಜೆ. ಇ 5ರವರೆಗೆ ಓರೆಯಾಗಿ ಹೋಗಿ, ಅಲ್ಲಿಂದ ಓರೆಯಾಗಿಯೇ ಹಿಂದಿರುಗಿದರೂ ಆರೇ ಹೆಜ್ಜೆ. ನೆಲದ ಮೇಲೆ ಬಳಸುದಾರಿ ಉದ್ದ. ಮಣೆಯ ಮೇಲೆ ರಾಜನಿಗೆ ಅದು ಉದ್ದವಲ್ಲ. ಆದುದರಿಂದ ಬಳಸುದಾರಿಯಲ್ಲಿ ನಡೆದವನಿಗೆ ಎರಡನೆಯ ಕಾರ್ಯದ ಹೆದರಿಕೆಯನ್ನು ಒಡ್ಡುವ ಲಾಭವು ಹೆಚ್ಚಿನ ವ್ಯಯವಿಲ್ಲದೆ ದೊರೆಯುತ್ತದೆ. ಆ ಹೆದರಿಕೆಗೆ ಉತ್ತರಿಸಲು ಎದುರಾಳಿ ವ್ಯಯಿಸುವ ನಡೆಯೇ ಬಿಳಿಯನ್ನು ಉಳಿಸುತ್ತದೆ.

ಇದನ್ನು ಅದೃಷ್ಟವೆನ್ನಲಾಗದು. ಕಪ್ಪು ಪದಾತಿ ಮೊದಲೇ ಇನ್ನೊಂದು ಮನೆ ಮುಂದಿದ್ದರೆ ಈ ಉಪಾಯ ಫಲಿಸುತ್ತಿರಲಿಲ್ಲ. ಧೈರ್ಯವೊಂದೇ ಸಾಲದು, ಎಣಿಕೆಯೂ ಬೇಕು. ಅಂತೆಯೇ ಇದು ಗೆಲುವೂ ಅಲ್ಲ. ಸೋಲದೆ ಉಳಿಯುವುದಷ್ಟೇ ಇದರ ಫಲ.

ಶಾಲೆಗಳಲ್ಲಿ ಇಂತಹ ಸ್ಥಿತಿಯ ಬಾಲಕರು ವರ್ಷವರ್ಷವೂ ಕಾಣಸಿಗುವರು. ಲೆಕ್ಕದಲ್ಲಿಯೂ ಹಿಂದೆ, ಭಾಷೆಯಲ್ಲಿಯೂ ಹಿಂದೆ. ಎರಡಕ್ಕೂ ಬೇರೆಬೇರೆಯಾಗಿ ಸಮಯ ಸಾಲದೆಂದು ಉಪಾಧ್ಯಾಯರು ನಿಟ್ಟುಸಿರಿಡುವರು. ಒಂದು ನೋಟದಲ್ಲಿಯೇ ಆಟ ಮುಗಿಯಿತೆಂದು ಕೈಬಿಡುವವರೂ ಉಂಟು. ಆದರೆ ಲೆಕ್ಕದ ಪ್ರಶ್ನೆಯನ್ನು ಬಾಲಕನಿಂದ ಗಟ್ಟಿಯಾಗಿ ಓದಿಸಿ, ಅದರ ಅರ್ಥವನ್ನು ಅವನದೇ ಮಾತಿನಲ್ಲಿ ಹೇಳಿಸಿ, ಅನಂತರ ಬಿಡಿಸುವಂತೆ ಮಾಡುವ ಗುರುವು ಓರೆಯ ಹಾದಿ ಹಿಡಿದವನು. ಆ ಒಂದು ಗಳಿಗೆಯಲ್ಲಿ ಭಾಷೆಯೂ ನಡೆಯಿತು, ಲೆಕ್ಕವೂ ನಡೆಯಿತು. ಇದರಿಂದ ಬಾಲಕನು ತರಗತಿಗೆ ಮೊದಲಿಗನಾಗದಿರಬಹುದು; ತೇರ್ಗಡೆಯಾದರೆ ಅದೇ ಅವನ ಪಾಲಿನ ಸಮ. ಆದರೆ ಮುಂದಿನ ಆಟಕ್ಕೆ ಮಣೆಯ ಮುಂದೆ ಕೂರುವ ಅಧಿಕಾರ ಅವನಿಗೆ ಉಳಿಯಿತು.

ಸೋತೆನೆಂದು ಕಾಯಿ ಕೆಡಹುವ ಮುನ್ನ ಹೊಸ್ತಿಲು ಎಲ್ಲಿದೆಯೆಂದು ಒಮ್ಮೆ ಎಣಿಸಿ ನೋಡುವುದು ಶಿಷ್ಯನಿಗೂ ವಿಹಿತ, ಗುರುವಿಗೂ ವಿಹಿತ.