ಹನ್ನೆರಡರಿಂದ ಇಪ್ಪತ್ತನಾಲ್ಕಕ್ಕೆ: ವೋಲ್ಟೇಜು ಏರಿಸುವ ಸಾಧನದ ಆಯವ್ಯಯ

ವಾಣಿಜ್ಯಶಾಸ್ತ್ರದ ಪದವೀಧರನೂ ಬ್ಯಾಂಕಿನ ಲೆಕ್ಕಪತ್ರಗಳ ನಡುವೆಯೇ ಎರಡು ದಶಕಗಳನ್ನು ಕಳೆದವನೂ ಆದ ನಾನು ವಿದ್ಯುತ್ ಸಾಧನವೊಂದರ ವಿನ್ಯಾಸವನ್ನು ಕುರಿತು ಬರೆಯಹೊರಟಿರುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಈ ವಿಷಯವು ನಮ್ಮ ಮನೆಯನ್ನು ಪ್ರವೇಶಿಸಿದ್ದು ಆರೋಗ್ಯದ ಬಾಗಿಲಿನಿಂದ. ಹೈದರಾಬಾದಿನಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ವೃದ್ಧ ತಂದೆತಾಯಿಯರನ್ನು ಊರಿನಿಂದ ಕರೆತಂದು ಉಪಚರಿಸುತ್ತಿರುವವರು ಅನೇಕರಿರುವುದರಿಂದ, ನಾನು ಕಲಿತ ಪಾಠವನ್ನು ಸ್ಮರಣ ಸಂಚಿಕೆಯ ವಾಚಕರ ಮುಂದಿಡುವುದು ಯುಕ್ತವೆಂದು ಭಾವಿಸಿದ್ದೇನೆ.

ನಮ್ಮ ತಂದೆಯವರಿಗೆ ನಿದ್ರೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಮೇಲಿಂದ ಮೇಲೆ ನಿಲ್ಲುವ ತೊಂದರೆಯಿದೆ. ವೈದ್ಯರ ಸಲಹೆಯಂತೆ ಅವರು ರಾತ್ರಿ ಮುಖವಾಡ ಧರಿಸಿ, ಒತ್ತಡದಿಂದ ಗಾಳಿಯೂಡುವ ಯಂತ್ರವನ್ನು ಬಳಸುತ್ತಾರೆ. ಈ ಯಂತ್ರಕ್ಕೆ ಬೇಕಾದುದು 24 ವೋಲ್ಟಿನ ಏಕಮುಖ ವಿದ್ಯುತ್ತು, ಹೆಚ್ಚೆಂದರೆ 90 ವಾಟ್. ಕರೆಂಟು ಹೋದಾಗ ಉಪಯೋಗಕ್ಕೆಂದು ನಾನು 12 ವೋಲ್ಟಿನ ಬ್ಯಾಟರಿಯನ್ನೂ, ಅದನ್ನು 24 ವೋಲ್ಟಿಗೆ ಏರಿಸುವ ಅಗ್ಗದ ಪೆಟ್ಟಿಗೆಯೊಂದನ್ನೂ ಕೊಂಡು ತಂದಿದ್ದೆ. ಪೆಟ್ಟಿಗೆಯ ಮೇಲೆ ‘24 ವೋಲ್ಟ್, 10 ಆಂಪಿಯರ್’ ಎಂದು ದಪ್ಪಕ್ಷರಗಳಲ್ಲಿ ಬರೆದಿತ್ತು. ಮೇ ತಿಂಗಳ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಪೆಟ್ಟಿಗೆಯನ್ನು ಜೋಡಿಸಿ ನಿಶ್ಚಿಂತನಾಗಿ ಮಲಗಿದೆ. ಅರ್ಧ ಗಂಟೆಯೊಳಗೆ ಅದು ಕಾದು ನಿಂತುಹೋಗಿ, ತಂದೆಯವರು ಏದುಸಿರು ಬಿಡುತ್ತ ಎದ್ದು ಕುಳಿತರು. ಬೆಳಗಿನವರೆಗೂ ನಾವಿಬ್ಬರೂ ಎಚ್ಚರವಾಗಿಯೇ ಕುಳಿತಿದ್ದೆವು.

ಮರುವಾರ ಎಲೆಕ್ಟ್ರಾನಿಕ್ಸ್ ಇಂಜಿನಿಯರನಾದ ನಮ್ಮ ಅಣ್ಣನ ಮಗ ಆ ಪೆಟ್ಟಿಗೆಯನ್ನು ಬಿಚ್ಚಿ ನೋಡಿ, “ಚಿಕ್ಕಪ್ಪ, ನೀವು ಸಾಲಗಾರನ ಅರ್ಜಿಯನ್ನು ನಂಬಿದಿರಿ, ಜಮಾಖರ್ಚನ್ನು ನೋಡಲಿಲ್ಲ” ಎಂದ. ಮುಂದಿನ ವಿವರಣೆ ಅವನು ಹೇಳಿಕೊಟ್ಟದ್ದು, ಹೋಲಿಕೆಗಳು ನನ್ನವು.

ಸಾಧನವು ಕೆಲಸ ಮಾಡುವ ಬಗೆ

ದ್ವಿಮುಖ ವಿದ್ಯುತ್ತಿನ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರಿನಿಂದ ಏರಿಸಬಹುದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದ್ದು ಹೀಗೆಯೇ. ಆದರೆ ಬ್ಯಾಟರಿಯ ಏಕಮುಖ ವಿದ್ಯುತ್ತಿಗೆ ಟ್ರಾನ್ಸ್‌ಫಾರ್ಮರು ನೇರವಾಗಿ ಒದಗುವುದಿಲ್ಲ. ಅಲ್ಲಿ ಬೇಕಾದುದು ಬೂಸ್ಟ್ ಕನ್ವರ್ಟರ್ ಎಂಬ ಸಾಧನ.

ಕೊಳಾಯಿಯನ್ನು ಥಟ್ಟನೆ ನಿಲ್ಲಿಸಿದಾಗ ಕೊಳವೆಯೊಳಗೆ ‘ಧಡ್’ ಎಂಬ ಸದ್ದಾಗುವುದನ್ನು ಎಲ್ಲರೂ ಕೇಳಿದ್ದೇವೆ. ಹರಿಯುತ್ತಿದ್ದ ನೀರು ನಿಲ್ಲಲೊಲ್ಲದೆ ಒತ್ತಡವನ್ನು ಹೆಚ್ಚಿಸುತ್ತದೆ. ತಂತಿಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತಿಗೂ ಇದೇ ಸ್ವಭಾವವಿದೆ. ಕೆಳಗಿನ ಸ್ವಿಚ್ಚು ಮುಚ್ಚಿದಾಗ ಬ್ಯಾಟರಿಯಿಂದ ಸುರುಳಿಯಲ್ಲಿ ಪ್ರವಾಹ ಬೆಳೆಯುತ್ತದೆ. ಅದನ್ನು ತೆರೆದೊಡನೆ ಸುರುಳಿಯ ವೋಲ್ಟೇಜು ಬ್ಯಾಟರಿಯ ವೋಲ್ಟೇಜಿಗೆ ಸೇರಿ, ಪ್ರವಾಹವು ಮೇಲಿನ ದಾರಿಯಿಂದ ಕೆಪಾಸಿಟರ್ ಎಂಬ ತೊಟ್ಟಿಗೆ ನುಗ್ಗುತ್ತದೆ. ಸೆಕೆಂಡಿಗೆ ಒಂದು ಲಕ್ಷ ಬಾರಿ ಹೀಗೆ ನಡೆಯುತ್ತದೆ ಎನ್ನೋಣ. ಸ್ವಿಚ್ಚು ಅರ್ಧ ಕಾಲ ಮುಚ್ಚಿದ್ದರೆ ವೋಲ್ಟೇಜು ಎರಡರಷ್ಟಾಗುತ್ತದೆ, ಮುಕ್ಕಾಲು ಕಾಲ ಮುಚ್ಚಿದ್ದರೆ ತಾತ್ತ್ವಿಕವಾಗಿ ನಾಲ್ಕರಷ್ಟು.

ಇದರಲ್ಲಿ ಲಾಭವೇನೂ ಇಲ್ಲವೆಂಬುದನ್ನು ಗಮನಿಸಬೇಕು. ವೋಲ್ಟೇಜು ದ್ವಿಗುಣವಾದರೆ ಬ್ಯಾಟರಿಯಿಂದ ಸೆಳೆಯುವ ಪ್ರವಾಹವೂ ಹೊರಗಿನದಕ್ಕಿಂತ ದ್ವಿಗುಣವಾಗುತ್ತದೆ. ಪೆಟ್ಟಿಗೆ ಘೋಷಿಸಿದ 24 ವೋಲ್ಟ್, 10 ಆಂಪಿಯರ್ ಎಂದರೆ 240 ವಾಟ್. ಅದಕ್ಕೆ ಬ್ಯಾಟರಿಯಿಂದ ನಷ್ಟವೂ ಸೇರಿ ಸುಮಾರು 21 ಆಂಪಿಯರ್ ಬೇಕು.

ನಷ್ಟದ ಖಾತೆ

ಮೇಲಿನ ದಾರಿಯಲ್ಲಿ ಸಾಮಾನ್ಯವಾಗಿ ಡಯೋಡು ಎಂಬ ಏಕಮುಖ ಬಾಗಿಲಿರುತ್ತದೆ. ಅದು ಪ್ರತಿ ಆಂಪಿಯರಿಗೂ ಸುಂಕ ವಸೂಲು ಮಾಡುತ್ತದೆ. ಸಾದಾ ಸಿಲಿಕಾನ್ ಡಯೋಡಿನ ಸುಂಕ ಸುಮಾರು 0.8 ವೋಲ್ಟ್, 10 ಆಂಪಿಯರಿಗೆ 8 ವಾಟ್ ಶಾಖ. ಶಾಟ್ಕಿ ಡಯೋಡಿನಲ್ಲಿ 0.5 ವೋಲ್ಟ್ ಎಂದರೆ 5 ವಾಟ್. ಡಯೋಡಿನ ಬದಲು ಅಲ್ಲಿಯೂ ಮಾಸ್‌ಫೆಟ್ ಎಂಬ ಸ್ವಿಚ್ಚನ್ನೇ ಇಟ್ಟು, ಕೆಳಗಿನದು ತೆರೆದಾಗ ಇದನ್ನು ಮುಚ್ಚುವ ಏರ್ಪಾಡಿಗೆ ಸಿಂಕ್ರೊನಸ್ ರೆಕ್ಟಿಫಿಕೇಶನ್ ಎಂದು ಹೆಸರು. 3 ಮಿಲಿಓಮ್ ರೋಧದ ಮಾಸ್‌ಫೆಟ್ಟಿನಲ್ಲಿ 21 ಆಂಪಿಯರ್ ಅರ್ಧ ಕಾಲ ಹರಿದರೆ ನಷ್ಟ ಸುಮಾರು 0.7 ವಾಟ್ ಮಾತ್ರ.

ಇಡೀ ಖಾತೆಯನ್ನು ನೋಡೋಣ. ಎರಡು ಸ್ವಿಚ್ಚುಗಳ ರೋಧದಿಂದ 1.3 ವಾಟ್, 5 ಮಿಲಿಓಮಿನ ಸುರುಳಿಯಿಂದ 2.2, ಸ್ವಿಚ್ಚು ತೆರೆದು ಮುಚ್ಚುವ ಕ್ಷಣಗಳಿಂದ ಸುಮಾರು 1, ಇತರ ಬಾಬತ್ತುಗಳಿಗೆ 2.5 ಎಂದಿಟ್ಟುಕೊಂಡರೆ ಒಟ್ಟು 7 ವಾಟ್. ದಕ್ಷತೆ ಶೇಕಡಾ 97. ಸಾದಾ ಡಯೋಡಿದ್ದರೆ ನಷ್ಟ 14 ವಾಟಿಗೇರಿ ದಕ್ಷತೆ ಶೇಕಡಾ 94 ಆಗುತ್ತದೆ. ಮೂರೇ ಅಂಕದ ವ್ಯತ್ಯಾಸವೆಂದು ತೋರಬಹುದು. ಆದರೆ ಪೆಟ್ಟಿಗೆಯನ್ನು ಸುಡುವುದು ಉಳಿತಾಯವಲ್ಲ, ನಷ್ಟ. ಆ ನಷ್ಟವು ದ್ವಿಗುಣವಾಗಿದೆ. ಬ್ಯಾಂಕಿನಲ್ಲಿಯೂ ವಸೂಲಾದ ಸಾಲ ಶೇಕಡಾ 97ರಿಂದ 94ಕ್ಕಿಳಿದರೆ ಮುಳುಗಿದ ಸಾಲ ಇಮ್ಮಡಿಯಾಯಿತೆಂದೇ ಅರ್ಥವಲ್ಲವೇ?

ವಿನ್ಯಾಸದ ನಿಯಮಗಳು

ಮೊದಲನೆಯದು ಸುರುಳಿ. ಪ್ರವಾಹದ ಏರಿಳಿತ 6 ಆಂಪಿಯರಿನೊಳಗಿರಬೇಕೆಂದರೆ 12 ವೋಲ್ಟನ್ನು 5 ಮೈಕ್ರೋಸೆಕೆಂಡಿನಿಂದ ಗುಣಿಸಿ 6ರಿಂದ ಭಾಗಿಸಬೇಕು. 10 ಮೈಕ್ರೋಹೆನ್ರಿ ಬರುತ್ತದೆ. ಪ್ರವಾಹದ ತುದಿ 24 ಆಂಪಿಯರ್ ಮುಟ್ಟುವುದರಿಂದ 30 ಆಂಪಿಯರಿನವರೆಗೂ ಸೋಲದ ಸುರುಳಿ ಬೇಕು. ಬ್ಯಾಟರಿ 10.5 ವೋಲ್ಟಿಗೆ ಇಳಿದಾಗ ಪ್ರವಾಹ 23.5 ಆಂಪಿಯರಿಗೆ ಏರುವುದನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಎರಡನೆಯದು, ಸ್ವಿಚ್ಚುಗಳ ಶಿಸ್ತು. ನಮ್ಮ ಬ್ಯಾಂಕಿನ ಭದ್ರಕೋಣೆ ತೆರೆಯಲು ಇಬ್ಬರ ಕೀಲಿಕೈಗಳೂ ಒಟ್ಟಿಗೆ ಬೇಕು. ಇಲ್ಲಿ ತದ್ವಿರುದ್ಧ: ಎರಡು ಸ್ವಿಚ್ಚುಗಳು ಒಂದು ಕ್ಷಣವೂ ಒಟ್ಟಿಗೆ ಮುಚ್ಚಕೂಡದು. ಮುಚ್ಚಿದರೆ ತೊಟ್ಟಿಯಲ್ಲಿದ್ದ ವಿದ್ಯುತ್ತೆಲ್ಲ ಅವುಗಳ ಮೂಲಕವೇ ಹರಿದು ಎರಡೂ ನಾಶವಾಗುತ್ತವೆ. ಆದ್ದರಿಂದ ನಡುವೆ ಕೆಲವು ನ್ಯಾನೋಸೆಕೆಂಡುಗಳ ವಿರಾಮವಿಡುತ್ತಾರೆ. ವಿರಾಮ ಅತಿಯಾದರೂ ನಷ್ಟವೇ. ಅಲ್ಲದೆ ಮಾಸ್‌ಫೆಟ್ ಎರಡೂ ದಿಕ್ಕಿಗೆ ಪ್ರವಾಹವನ್ನು ಬಿಡುತ್ತದೆ. ಹೊರೆ ಕಡಿಮೆಯಿದ್ದಾಗ ವಿದ್ಯುತ್ತು ಹಿಂದಕ್ಕೆ ಹರಿಯದಂತೆ, ಪ್ರವಾಹ ಸೊನ್ನೆಯಾದೊಡನೆ ಮೇಲಿನ ಸ್ವಿಚ್ಚನ್ನು ತೆರೆಯುವ ನಿಯಂತ್ರಣವಿರಬೇಕು.

ಮೂರನೆಯದು, ಫ್ಯೂಸು. ಎರಡೂ ಸ್ವಿಚ್ಚುಗಳನ್ನು ತೆರೆದಿದ್ದರೂ ಬ್ಯಾಟರಿಯಿಂದ ಸುರುಳಿ ಮತ್ತು ಮೇಲಿನ ಮಾಸ್‌ಫೆಟ್ಟಿನೊಳಗಿನ ಸಹಜ ಡಯೋಡಿನ ಮೂಲಕ ಹೊರಕ್ಕೆ ದಾರಿ ಇದ್ದೇ ಇರುತ್ತದೆ. ಹೊರಗಡೆ ಶಾರ್ಟ್ ಆದರೆ ಸ್ವಿಚ್ಚುಗಳು ಅದನ್ನು ತಡೆಯಲಾರವು.

ನಾಲ್ಕನೆಯದು ತಂತಿ; ನನ್ನ ಪೆಟ್ಟಿಗೆಯ ಮುಖ್ಯ ದೋಷ ಇಲ್ಲಿಯೇ ಇತ್ತು. 21 ಆಂಪಿಯರ್ ಹರಿಯುವ ತಂತಿ ಮತ್ತು ಕ್ಲಿಪ್ಪುಗಳ ರೋಧ ಕೇವಲ 20 ಮಿಲಿಓಮ್ ಆದರೂ ನಷ್ಟ ಸುಮಾರು 9 ವಾಟ್. ಒಳ್ಳೆಯ ಸಾಧನದ ಇಡೀ ನಷ್ಟಕ್ಕಿಂತ ಹೆಚ್ಚು! ಮೇಲಾಗಿ ತಂತಿಯಲ್ಲಿ ವೋಲ್ಟೇಜು ಕುಸಿದಷ್ಟೂ ಸಾಧನವು ಹೆಚ್ಚು ಪ್ರವಾಹವನ್ನು ಸೆಳೆಯುತ್ತದೆ, ಅದರಿಂದ ವೋಲ್ಟೇಜು ಮತ್ತಷ್ಟು ಕುಸಿಯುತ್ತದೆ. ಬಡ್ಡಿ ತೀರಿಸಲು ಮತ್ತೆ ಸಾಲ ಮಾಡುವವನ ಗತಿಯೇ ಇದು. ನನ್ನ ಪೆಟ್ಟಿಗೆಯಲ್ಲಿ ತೆಳುತಂತಿ, ಸಾದಾ ಡಯೋಡು, ಸಣ್ಣ ಸುರುಳಿ ಮೂರೂ ಇದ್ದವು. ಸಾಲದೆಂದು, ಅದರ ದೀಪದ ಬೆಳಕು ತಂದೆಯವರ ಕಣ್ಣಿಗೆ ಬೀಳಬಾರದೆಂದು ನಾನೇ ಅದರ ಮೇಲೆ ಟವೆಲು ಮುಚ್ಚಿದ್ದೆ. ಈ ತಪ್ಪನ್ನು ಅಂಗಡಿಯವನ ಖಾತೆಗೆ ಬರೆಯಲಾರೆ.

ಗೃಹಸ್ಥರಿಗೆ ಅರಿಕೆ

ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದ ಫಲಕಗಳಿಂದ ಹೊರಡುವುದೂ ಏಕಮುಖ ವಿದ್ಯುತ್ತೇ. ಎರಡನೆಯ ಪೀಳಿಗೆಯ ಟೊಯೋಟಾ ಪ್ರಿಯಸ್ ಕಾರಿನಲ್ಲಿ ಸುಮಾರು 200 ವೋಲ್ಟನ್ನು 500 ವೋಲ್ಟಿನವರೆಗೆ ಏರಿಸುತ್ತಿದ್ದುದೂ ಇದೇ ತತ್ತ್ವ. ಆದರೆ ರೋಗಿಯ ಯಂತ್ರಕ್ಕೆ ಮನೆಯಲ್ಲಿ ತಯಾರಿಸಿದ ಸಾಧನ ಸಲ್ಲದು. ಯಂತ್ರ ತಯಾರಕರು ಸೂಚಿಸಿದುದನ್ನೇ ಕೊಳ್ಳಬೇಕು. ತಂತಿ ದಪ್ಪವಾಗಿ, ಗಿಡ್ಡವಾಗಿ ಇರಲಿ. ಫ್ಯೂಸು ಬ್ಯಾಟರಿಯ ಧನಾಗ್ರದ ಪಕ್ಕದಲ್ಲಿಯೇ ಇರಲಿ. ಸಾಧನವನ್ನು ಬಟ್ಟೆಯಿಂದ ಮುಚ್ಚಬಾರದು. ಸೀಸ-ಆಮ್ಲದ ಬ್ಯಾಟರಿ ಚಾರ್ಜಾಗುವಾಗ ಜಲಜನಕವನ್ನು ಹೊರಬಿಡಬಲ್ಲದಾದ್ದರಿಂದ ಗಾಳಿಯಾಡುವ ಸ್ಥಳ ಅಗತ್ಯ. 100 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೆ 90 ವಾಟಿನ ಯಂತ್ರ ಸುಮಾರು 6 ಗಂಟೆ ನಡೆದೀತು. ನಿರಂತರ ಆಮ್ಲಜನಕವನ್ನು ಅವಲಂಬಿಸಿದವರಿದ್ದರೆ ಬ್ಯಾಟರಿಯೊಂದನ್ನೇ ನಂಬದೆ, ವೈದ್ಯರನ್ನು ಕೇಳಿ ಸಿಲಿಂಡರನ್ನೂ ಸಿದ್ಧವಾಗಿಡತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷೆಯನ್ನು ಹಗಲಿನಲ್ಲಿಯೇ, ಪೂರ್ಣ ಹೊರೆಯೊಡನೆ, ಎರಡು ಗಂಟೆ ಕಾಲ ಪಕ್ಕದಲ್ಲಿ ಕುಳಿತು ಮಾಡಬೇಕು. ಈಗ ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ಈ ಪರೀಕ್ಷೆ ನಡೆಯುತ್ತದೆ. ತಂದೆಯವರೇ ಕೈಗಡಿಯಾರ ಹಿಡಿದು ಕುಳಿತು, ವೋಲ್ಟೇಜಿನ ಅಂಕಿಗಳನ್ನು ಹಳೆಯ ಲೆಡ್ಜರಿನಲ್ಲಿ ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಳ್ಳುತ್ತಾರೆ.