ಕೊಡುವ ಕೈ, ಪಡೆಯುವ ಮಗು



ಶಾಲೆ ತೆರೆಯುವ ದಿನಗಳಲ್ಲಿ ನಮ್ಮ ಊರುಗಳ ಸೇವಾ ಕ್ಲಬ್ಬುಗಳಿಗೆ ಬಿಡುವಿಲ್ಲ. ನೋಟ್‌ಪುಸ್ತಕ, ಚೀಲ, ಸಮವಸ್ತ್ರ ವಿತರಣೆ, ಮಕ್ಕಳ ಕಣ್ಣು, ಹಲ್ಲುಗಳ ತಪಾಸಣೆ ಒಂದರ ಹಿಂದೊಂದು ನಡೆಯುತ್ತವೆ. "ಕಥೋಲಿಕರಾದ ನಾವು ಇಂಥ ಕ್ಲಬ್ಬಿಗೆ ಸೇರಬಹುದೇ ಫಾದರ್?" ಎಂದು ಕೇಳುವವರಿದ್ದಾರೆ. ಈ ಅನುಮಾನಕ್ಕೆ ಚರಿತ್ರೆಯ ಕಾರಣವಿದೆ. 1905ರಲ್ಲಿ ಷಿಕಾಗೋ ನಗರದಲ್ಲಿ ವಕೀಲ ಪಾಲ್ ಹ್ಯಾರಿಸ್ ಆರಂಭಿಸಿದ ರೋಟರಿಗೆ ಗುರುಗಳು ಸದಸ್ಯರಾಗಬಾರದೆಂದು ರೋಮ್ 1950ರಲ್ಲಿ ವಿಧಿಸಿತ್ತು. ಶ್ರೀಸಾಮಾನ್ಯರಿಗೂ ಎಚ್ಚರಿಕೆ ಹೇಳಿತ್ತು. ಮುಂದೆ ಕಾಲ ಬದಲಾಯಿತು. 1979ರಲ್ಲಿ ರೋಮಿನಲ್ಲಿ ರೋಟರಿ ಸಮ್ಮೇಳನ ನಡೆದಾಗ ಜಗದ್ಗುರು ಎರಡನೇ ಜಾನ್ ಪಾಲರೇ ಅವರನ್ನು ಉದ್ದೇಶಿಸಿ ಮಾತನಾಡಿದರು. ಹಾಗಾಗಿ ಸೇರುವುದರ ಬಗ್ಗೆ ನನಗೆ ಚಿಂತೆಯಿಲ್ಲ. ಸೇರಿದ ಮೇಲೆ ಮಗುವಿಗೆ ಹೇಗೆ ಕೊಡುತ್ತೇವೆ ಎಂಬುದೇ ಚಿಂತೆ.

ಒಳ್ಳೆಯ ಉದಾಹರಣೆ ಕ್ಲಬ್ಬುಗಳಲ್ಲೇ ಇದೆ. ರೋಟರಿಯವರು 1985ರಲ್ಲಿ ಪೋಲಿಯೋ ನಿರ್ಮೂಲನೆಯ ಕೆಲಸಕ್ಕೆ ಕೈಹಾಕಿದರು. ನಮ್ಮ ದೇಶದಲ್ಲಿ 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾದಾಗ ಸರ್ಕಾರದ ಆರೋಗ್ಯ ಕಾರ್ಯಕರ್ತೆಯರ ಜೊತೆಗೆ ನಿಂತರು. ಸಿರಿವಂತರ ಮಗುವಿಗೂ ಕೂಲಿಯವರ ಮಗುವಿಗೂ ಅದೇ ಹನಿ, ಕಿರುಬೆರಳಿಗೆ ಅದೇ ಶಾಯಿ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡದ್ದೇ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ದೃಢೀಕರಿಸಲ್ಪಟ್ಟಿತು. ಆ ಹನಿಗಾಗಿ ಯಾವ ಮಗುವೂ ವೇದಿಕೆ ಹತ್ತಿ ಕೈಮುಗಿಯಬೇಕಾಗಲಿಲ್ಲ.

ನೋಟ್‌ಪುಸ್ತಕ ವಿತರಣೆ ಹೀಗಿರುವುದಿಲ್ಲ. "ಬಡ ವಿದ್ಯಾರ್ಥಿಗಳು ಮುಂದೆ ಬರಬೇಕು" ಎಂದು ಮೈಕಿನಲ್ಲಿ ಕರೆಯುತ್ತಾರೆ. ಆರು ಪುಸ್ತಕಗಳ ಕಟ್ಟನ್ನು ಎಂಟು ಮಂದಿ ಹಿಡಿದುಕೊಳ್ಳುತ್ತಾರೆ. ಅವರ ನಡುವೆ ಮಗುವಿನ ಮುಖ ಕಾಣುವುದೇ ಕಷ್ಟ. ಎದುರಿಗೆ ಕುಳಿತ ಸಹಪಾಠಿಗಳು ಎಲ್ಲವನ್ನೂ ನೋಡುತ್ತಾರೆ. ನಾಲ್ಕನೇ ತರಗತಿಯ ಮಗುವಿಗೆ ನಾಚಿಕೆ ಏನೆಂದು ಚೆನ್ನಾಗಿ ಗೊತ್ತು.

ಶ್ರೀಸಾಮಾನ್ಯರ ಪ್ರೇಷಿತಕಾರ್ಯದ ಬಗ್ಗೆ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಆಜ್ಞಾಪತ್ರದ ಎಂಟನೇ ಭಾಗ ಇದೇ ವಿಷಯವನ್ನು ಎತ್ತಿಕೊಳ್ಳುತ್ತದೆ. ಪಡೆಯುವವನ ಸ್ವಾತಂತ್ರ್ಯ, ಘನತೆಗಳಿಗೆ ಕುಂದು ಬರಬಾರದು. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ಕೊಡಬಾರದು. ಕಷ್ಟವನ್ನಷ್ಟೇ ಅಲ್ಲ, ಅದರ ಕಾರಣವನ್ನೂ ತೆಗೆಯಬೇಕು ಎನ್ನುತ್ತದೆ. ನ್ಯಾಯವೆಂದರೆ ಅವನದನ್ನು ಅವನಿಗೆ ಕೊಡುವುದು. ಪರಸ್ನೇಹ ನನ್ನದನ್ನು ಕೊಡುತ್ತದೆ. ತನ್ನ ಕೆಲಸಗಾರನಿಗೆ ಸರಿಯಾದ ಕೂಲಿ ಕೊಡದವನು ಅದೇ ಕೆಲಸಗಾರನ ಮಗನಿಗೆ ಶಾಲಾಚೀಲ ಕೊಟ್ಟರೆ ಅದಕ್ಕೆ ಏನೆನ್ನಬೇಕು? ಆ ಚೀಲದ ಹಣ ಮೊದಲೇ ಆ ಮನೆಯದಾಗಿತ್ತು.

"ಫೋಟೋ ಇಲ್ಲದಿದ್ದರೆ ದಾನಿಗಳು ಕೊಡುವುದಿಲ್ಲ, ಮೇಲಿನವರಿಗೆ ವರದಿಯೂ ಕಳಿಸಬೇಕು" ಎನ್ನುತ್ತಾರೆ. ಇದನ್ನು ತಳ್ಳಿಹಾಕಲಾಗದು. ಲೆಕ್ಕ ಕೊಡುವುದು ಪ್ರಾಮಾಣಿಕತೆಯೇ. ಪ್ರಭು ಯೇಸು ಕೂಡ ಪರ್ವತ ಪ್ರಬೋಧನೆಯಲ್ಲಿ ಎರಡನ್ನೂ ಹೇಳಿದ್ದಾರೆ: ನಿಮ್ಮ ಸತ್ಕಾರ್ಯದ ಬೆಳಕು ಜನರಿಗೆ ಕಾಣಲಿ, ಆದರೆ ದಾನ ಮಾಡುವಾಗ ತುತ್ತೂರಿ ಊದಿಸಬೇಡಿ. ಬೆಳಕನ್ನು ಕಂಡವರು ತಂದೆಯಾದ ದೇವರನ್ನು ಸ್ತುತಿಸುತ್ತಾರೆ. ತುತ್ತೂರಿ ಕೇಳಿದವರು ಊದಿಸಿದವನತ್ತ ತಿರುಗುತ್ತಾರೆ. ಪುಸ್ತಕದ ಕಟ್ಟುಗಳ ಫೋಟೋ ತೆಗೆಯಲಿ, ರಸೀದಿಯನ್ನು ವರದಿಗೆ ಲಗತ್ತಿಸಲಿ. ಮಗುವಿನ ಫೋಟೋ ಏಕೆ ಬೇಕು?

ನಮ್ಮ ಸಂತ ವಿನ್ಸೆಂಟ್ ದೇ ಪೌಲ್ ಸಭೆ ಇಲ್ಲಿ ನೆರವಾಗಬಲ್ಲದು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಮ್ ಗೆಳೆಯರೊಡನೆ ಅದನ್ನು ಆರಂಭಿಸಿದಾಗ ಆತನಿಗೆ ಇಪ್ಪತ್ತು ವರ್ಷ. ಬಡವರನ್ನು ಕರೆಸಿಕೊಳ್ಳದೆ ಅವರ ಮನೆಗೇ ಹೋಗುವುದು ಈ ಸಭೆಯ ಪದ್ಧತಿ. ಕ್ಲಬ್ಬಿನವರಲ್ಲಿ ಹಣವಿದೆ, ವೈದ್ಯರಿದ್ದಾರೆ. ಯಾವ ಮನೆಯಲ್ಲಿ ಏನಿಲ್ಲವೆಂಬುದು ಸಭೆಯವರಿಗೆ ಗೊತ್ತು. ಇಬ್ಬರೂ ಸೇರಿ ಶಾಲೆ ತೆರೆಯುವ ಮೊದಲೇ ಮುಖ್ಯೋಪಾಧ್ಯಾಯರಿಗೆ ಪುಸ್ತಕ ತಲುಪಿಸಿದರೆ, ಮೊದಲ ದಿನವೇ ಅವು ಇಡೀ ತರಗತಿಗೆ ಹಂಚಿಕೆಯಾಗುತ್ತವೆ. ಯಾರ ಹೆಸರನ್ನೂ ಮೈಕಿನಲ್ಲಿ ಓದಬೇಕಿಲ್ಲ.

ಕ್ಲಬ್ಬಿನ ಸದಸ್ಯರಾಗಿರುವ ನಮ್ಮ ಧರ್ಮಕೇಂದ್ರದವರು ಮುಂದಿನ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಬಹುದು. ಈ ವಾರ ಜಪಸರದ ನಂತರ ಮನೆಯಲ್ಲಿ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯದ ಮೊದಲ ನಾಲ್ಕು ವಚನಗಳನ್ನು ಓದಿ, ಶಾಲೆಯಲ್ಲಿ ಇಂಥ ಕಾರ್ಯಕ್ರಮಗಳು ಹೇಗೆ ನಡೆಯುತ್ತವೆಂದು ಮಕ್ಕಳನ್ನೇ ಕೇಳಿ ನೋಡಿ.